ಲಕ್ಷ್ಮಿಯ ಪಟ ಯಾವ ಖಾತೆಗೆ?

ಡಿಸೆಂಬರ್ ಬಂತೆಂದರೆ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಶಾಖೆಗೆ ಜನ ಹೆಚ್ಚಾಗುತ್ತಿದ್ದರು. ಹಣ ಕಟ್ಟುವುದಕ್ಕೂ ಅಲ್ಲ, ತೆಗೆಯುವುದಕ್ಕೂ ಅಲ್ಲ, ಹೊಸ ವರ್ಷದ ಕ್ಯಾಲೆಂಡರಿಗೆ. ವರ್ಷವಿಡೀ ಮುಖ ತೋರಿಸದ ಖಾತೆದಾರರು ಆ ತಿಂಗಳು ಬಂದು ಐದೋ ಹತ್ತೋ ರೂಪಾಯಿ ಕಟ್ಟುವರು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಳ್ಳುವರು. ಹೊರಡುವ ಮುಂಚೆ ಕೌಂಟರಿನ ಕಿಂಡಿಯ ಹತ್ತಿರ ಬಗ್ಗಿ ಗುಟ್ಟು ಹೇಳುವವರ ಹಾಗೆ, “ಸಾರ್, ಕ್ಯಾಲೆಂಡರ್ ಬಂತಾ?” ಎನ್ನುವರು.

ಒಂದು ವರ್ಷ ಮೇಲಿನವರಿಗೆ ಏನನ್ನಿಸಿತೋ, ದೇವರ ಚಿತ್ರದ ಬದಲು ಹಸಿರು ಬೆಟ್ಟ, ನೀಲಿ ಕೆರೆ ಇರುವ ಕ್ಯಾಲೆಂಡರ್ ಅಚ್ಚು ಹಾಕಿಸಿದರು. ಚಿತ್ರವೇನೋ ಚೆನ್ನಾಗಿತ್ತು. ಆದರೆ ಸೊಪ್ಪು ಮಾರುವ ಅಜ್ಜಿಯೊಬ್ಬರು ಅದನ್ನು ಬಿಚ್ಚಿ ನೋಡಿ, ಹಾಗೇ ಸುತ್ತಿ ನನ್ನ ಕೈಗೆ ವಾಪಸು ಕೊಟ್ಟರು. “ಇದಕ್ಕೆ ಹೂವ ಎಲ್ಲಿ ಮುಡಿಸಲಿ ಸ್ವಾಮಿ?” ಎಂದರು. ಮರುವರ್ಷ ಲಕ್ಷ್ಮಿ ತಿರುಗಿ ಬಂದಳು.

ಆ ಅಜ್ಜಿಯ ಪ್ರಶ್ನೆ ಇಷ್ಟು ವರ್ಷಗಳ ಮೇಲೆ ನೆನಪಾದದ್ದು ನನ್ನ ಮೊಮ್ಮಗಳಿಂದ. ಅವಳು ಎಂಟನೇ ತರಗತಿ. ಚಿತ್ರ ಬರೆಯುವ ಹುಚ್ಚು. ಭಾನುವಾರ ಚಿತ್ರಕಲೆಯ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ಪ್ರಪಂಚದ ಕಲಾಪಂಥಗಳ ಪಟ್ಟಿ ಬರೆಸಿದ್ದರು. ಇಂಪ್ರೆಷನಿಸಂ, ಕ್ಯೂಬಿಸಂ, ಸರ್ರಿಯಲಿಸಂ ಎಂದು ಒಂದರ ಕೆಳಗೊಂದು, ಪಕ್ಕದಲ್ಲಿ ಇಸವಿ. ನೋಡಿದರೆ ನಮ್ಮ ಜನರಲ್ ಲೆಡ್ಜರಿನ ಪುಟದ ಹಾಗೇ ಇತ್ತು. ಅವಳು ಅಲ್ಲಿ ಕೈಯೆತ್ತಿ, “ನಮ್ಮ ದೇವರ ಮನೆಯ ಪಟಗಳು ಇದರಲ್ಲಿ ಯಾವುದಕ್ಕೆ ಸೇರುತ್ತವೆ?” ಎಂದು ಕೇಳಿದಳಂತೆ. ಕಲಿಸುವವರು ನಕ್ಕು, “ಅವೆಲ್ಲ ಕ್ಯಾಲೆಂಡರ್ ಆರ್ಟ್ ಅಮ್ಮ, ಕಲೆ ಅಲ್ಲ” ಎಂದರಂತೆ. ಮನೆಗೆ ಬಂದವಳು ಊಟಕ್ಕೂ ಕೂರದೆ, “ತಾತ, ಅಜ್ಜಿ ದಿನಾ ಪೂಜೆ ಮಾಡೋದು ಕಲೆ ಅಲ್ವಂತೆ” ಎಂದಳು.

ಬಿಕಾಂ ಓದಿದವನಿಗೆ ಕಲೆ ಗೊತ್ತಿಲ್ಲದಿರಬಹುದು, ಖಾತೆ ಗೊತ್ತು. ಯಾವ ವಸ್ತುವನ್ನೂ ಯಾವ ಖಾತೆಗೂ ಸೇರಿಸದೆ ಹೊರಗಿಡುವಂತಿಲ್ಲ. ಹಾಗಿದ್ದರೆ ಈ ಪಟಗಳು ಎಲ್ಲಿಂದ ಬಂದವು ಎಂದು ಹುಡುಕಲು ಕುಳಿತೆ. ಗ್ರಂಥಾಲಯಕ್ಕೆ ಹೋದೆ, ಮೈಸೂರಿಗೆ ಹೋಗಿ ಬಂದೆ. ನಿವೃತ್ತರಿಗೆ ಸಮಯಕ್ಕೇನು ಬರ!

ಮೊದಲು ಒಂದು ಮಾತು. ಮಕ್ಕಳೇ, ಆ ದೊಡ್ಡ ದೊಡ್ಡ ಹೆಸರುಗಳಿಗೆ ಹೆದರಬೇಡಿ. ಅವುಗಳಲ್ಲಿ ಕೆಲವು ಹುಟ್ಟಿದ್ದೇ ಬೈಗುಳವಾಗಿ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಚಿತ್ರಕಾರರು ಸೇರಿ ತಮ್ಮದೇ ಪ್ರದರ್ಶನ ಇಟ್ಟರು. ಮೋನೆ ಎಂಬುವರು ಬಂದರಿನ ಸೂರ್ಯೋದಯದ ಒಂದು ಚಿತ್ರ ಇಟ್ಟು ಅದಕ್ಕೆ ‘ಇಂಪ್ರೆಷನ್, ಸೂರ್ಯೋದಯ’ ಎಂದು ಹೆಸರು ಕೊಟ್ಟಿದ್ದರು. ಲೂಯಿ ಲರ್ವಾ ಎಂಬ ಪತ್ರಿಕೆಯವರು ಆ ಹೆಸರನ್ನೇ ಹಿಡಿದು ಇವರನ್ನೆಲ್ಲ ಇಂಪ್ರೆಷನಿಸ್ಟರು ಎಂದು ಗೇಲಿ ಮಾಡಿ ಬರೆದರು. ಗೇಲಿ ಮಾಡಿದವರು ಯಾರೆಂದು ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ, ಹೆಸರು ಮಾತ್ರ ಉಳಿದಿದೆ. 1905ರಲ್ಲಿ ಇನ್ನೊಂದು ಗುಂಪಿಗೆ ‘ಕಾಡುಮೃಗಗಳು’ ಎಂದೇ ಹೆಸರು ಬಿತ್ತು. ಅದೇ ಫೋವಿಸಂ. ಅವಳ ಪಟ್ಟಿಯಲ್ಲಿ ಅದೂ ಇತ್ತು. ಅಂದಮೇಲೆ ‘ಕ್ಯಾಲೆಂಡರ್ ಆರ್ಟ್’ ಎಂದು ಮೂಗು ಮುರಿದರೆ ನಾವೇಕೆ ಊಟ ಬಿಡಬೇಕು?

ನಮ್ಮ ಕಡೆಯ ಹಳೆಯ ದೇವರ ಪಟಗಳೆಂದರೆ ಮೈಸೂರು ಶೈಲಿಯವು. ಅವುಗಳಲ್ಲಿ ಲಕ್ಷ್ಮಿಯೋ ರಾಮನೋ ಮಂಟಪದೊಳಗೆ ನೇರವಾಗಿ ನಮ್ಮನ್ನೇ ನೋಡುತ್ತಾ ಕೂತಿರುತ್ತಾರೆ. ಒಡವೆ, ಕಂಬ, ಸೀರೆಯ ಅಂಚು ಇರುವಲ್ಲಿ ಕಲಸಿನಿಂದ ತುಸುವೇ ಉಬ್ಬು ಮಾಡಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರು. ತಂಜಾವೂರಿನ ಪಟಗಳಲ್ಲಿ ಈ ಉಬ್ಬು ದಪ್ಪ, ಹರಳುಗಳೂ ಇರುತ್ತವೆ. ನಮ್ಮದು ತೆಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆ ಬಹಳ ಬೆಳೆಯಿತು. ಆದರೆ ಒಂದೊಂದು ಪಟವನ್ನೂ ಕೈಯಲ್ಲೇ ಮಾಡಬೇಕು, ಚಿನ್ನ ಬೇರೆ. ಸೊಪ್ಪು ಮಾರುವವರ ಮನೆಗೆ ಅದು ಎಲ್ಲಿ ಬರಬೇಕು? ಅರಮನೆ, ಮಠ, ಶ್ರೀಮಂತರ ಮನೆ, ಅಲ್ಲಿಗೆ ನಿಂತಿತು.

ಇನ್ನು ಗುಡಿಗೆ ಹೋಗಿ ನೋಡೋಣವೆಂದರೆ, ಆ ಕಾಲದಲ್ಲಿ ಎಷ್ಟೋ ಜನರನ್ನು ಜಾತಿಯ ಹೆಸರಿನಲ್ಲಿ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ದೇವರ ಮುಖ ಹೇಗಿದೆಯೆಂದು ಹತ್ತಿರದಿಂದ ನೋಡದೆಯೇ ಬದುಕು ಮುಗಿಸಿದವರಿದ್ದರು. ಮಕ್ಕಳು ಇದನ್ನು ತಿಳಿದಿರಬೇಕು. ಇಲ್ಲದಿದ್ದರೆ ಮುಂದೆ ಬಂದ ಒಂದು ಕಾಗದದ ಚಿತ್ರಕ್ಕೆ ಏಕೆ ಅಷ್ಟು ಬೆಲೆ ಬಂತು ಎಂಬುದು ಅರ್ಥವಾಗುವುದಿಲ್ಲ.

ಆ ಕಾಗದದ ಚಿತ್ರ ತಂದವರು ರಾಜಾ ರವಿವರ್ಮ. ತಿರುವಾಂಕೂರಿನ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದರು. ಯೂರೋಪಿನವರ ಎಣ್ಣೆಬಣ್ಣದ ರೀತಿ ಹಿಡಿದು ನಮ್ಮ ಪುರಾಣದ ಕಥೆಗಳನ್ನು ಬರೆದರು. ನೆರಳು ಬೆಳಕು ಬಂತು, ದೂರ ಹತ್ತಿರ ಬಂತು, ಸೀರೆಯ ನೆರಿಗೆ ನಿಜವಾದ ನೆರಿಗೆಯ ಹಾಗೆ ಬಿತ್ತು. ಅವರ ಸರಸ್ವತಿ ಮಂಟಪದಲ್ಲಿ ಕೂರಲಿಲ್ಲ, ನೀರಿನ ದಡದಲ್ಲಿ ಬಂಡೆಯ ಮೇಲೆ ಕೂತಳು, ಪಕ್ಕದಲ್ಲಿ ನವಿಲು. ಲಕ್ಷ್ಮಿ ಕೊಳದ ತಾವರೆಯ ಮೇಲೆ ಎದ್ದು ನಿಂತಳು, ಹಿಂದೆ ಹಾರ ಹಿಡಿದ ಆನೆ. ಕೈ ನಾಲ್ಕಿದ್ದರೂ ಮುಖ ಮಾತ್ರ ಎದುರು ಮನೆಯ ಗೃಹಿಣಿಯದು.

ಅವರ ಚಿತ್ರಗಳನ್ನು ಕಂಡ ದಿವಾನ್ ಟಿ. ಮಾಧವರಾಯರು, ನೀವೊಬ್ಬರೇ ಎಷ್ಟು ಜನಕ್ಕೆ ಬರೆದುಕೊಡಲು ಸಾಧ್ಯ, ಕೆಲವನ್ನು ಅಚ್ಚು ಹಾಕಿಸಿ ಎಂದು ಸಲಹೆ ಕೊಟ್ಟಿದ್ದರು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ವಂತ ಅಚ್ಚುಕೂಟವನ್ನೇ ತೆರೆದರು. ಯಂತ್ರವೂ ಕೆಲಸ ಬಲ್ಲವರೂ ಜರ್ಮನಿಯಿಂದ ಬಂದರು. ಆ ಅಚ್ಚಿನ ಕ್ರಮ ಸೊಗಸಾಗಿದೆ, ಕೇಳಿ. ನುಣ್ಣನೆಯ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ತಿರುಗುಮುರುಗಾಗಿ ಬರೆಯುತ್ತಾರೆ. ಮೇಲೆ ನೀರು ಸವರುತ್ತಾರೆ. ಜಿಡ್ಡಿದ್ದ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಎಣ್ಣೆಯ ಬಣ್ಣ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಕಾಗದ ಒತ್ತಿ ತೆಗೆದರೆ ಆಯಿತು. ಆದರೆ ಒಂದು ಬಣ್ಣಕ್ಕೆ ಒಂದು ಕಲ್ಲು! ಲಕ್ಷ್ಮಿಯ ಕೆನ್ನೆಗೊಂದು, ಸೀರೆಗೊಂದು, ಕೊಳದ ನೀರಿಗೊಂದು. ಅದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಸ್ವಲ್ಪವೂ ಅಲುಗದೆ ಒಂದಾದ ಮೇಲೊಂದು ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೂ ದೇವಿಯ ತುಟಿ ಗಲ್ಲಕ್ಕೆ ಇಳಿಯುತ್ತದೆ. ಕೊನೆಗೆ ವಾರ್ನಿಷ್ ಹಚ್ಚಿ ಎಣ್ಣೆಚಿತ್ರದ ಹೊಳಪು ತರುತ್ತಿದ್ದರು.

ಮುಂದೆ ಅಚ್ಚುಕೂಟ ಲೋನಾವಳದ ಹತ್ತಿರಕ್ಕೆ ಹೋಯಿತು. ಚಿತ್ರಗಳೇನೋ ಊರೂರಿಗೂ ತಲುಪಿದವು, ಲೆಕ್ಕಪತ್ರ ಮಾತ್ರ ಸರಿಹೋಗಲಿಲ್ಲ. ಸಾಲ ಏರಿತು. ಕಡೆಗೆ ಅಲ್ಲೇ ಇದ್ದ ಜರ್ಮನ್ ತಂತ್ರಜ್ಞನಿಗೆ ಅಚ್ಚುಕೂಟವನ್ನು ಮಾರಿದರು. ಮನೆ ಮನೆಗೆ ಲಕ್ಷ್ಮಿಯನ್ನು ಕಳಿಸಿದವರ ಹತ್ತಿರ ಲಕ್ಷ್ಮಿ ನಿಲ್ಲಲಿಲ್ಲ. ಕೌಂಟರಿನ ಹಿಂದೆ ಕೂತು ಇಂಥದ್ದನ್ನು ಬಹಳ ನೋಡಿದ್ದೇನೆ.

ನಮ್ಮ ಮೈಸೂರಿಗೂ ಅವರಿಗೂ ನಂಟಿತ್ತು. ಕೊನೆಯ ವರ್ಷಗಳಲ್ಲಿ ಅರಮನೆಗಾಗಿ ಪುರಾಣದ ಚಿತ್ರಗಳನ್ನು ಬರೆದುಕೊಟ್ಟರು. ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳಿವೆ. ಅಲ್ಲೇ ಕೈಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವೂ ಇದೆ. ಅದರ ಮುಂದೆ ನಿಂತ ಹತ್ತು ಜನರಲ್ಲಿ ಎಂಟು ಜನ “ರವಿವರ್ಮಂದು” ಎನ್ನುತ್ತಾರೆ. ಅಲ್ಲ. ಅದು ಎಸ್. ಎಲ್. ಹಲ್ದಣ್‌ಕರ್ ಅವರದು, ಎಣ್ಣೆಬಣ್ಣವೂ ಅಲ್ಲ, ನೀರುಬಣ್ಣ. ದೀಪ ಹಿಡಿದು ನಿಂತವರು ಅವರ ಮಗಳೇ. ರವಿವರ್ಮರನ್ನು ಒಪ್ಪದವರೂ ಇದ್ದರು. ಇದು ವಿಲಾಯಿತಿ ರೀತಿ, ನಮ್ಮ ಹಳೆಯ ಚಿತ್ರಗಳ ದಾರಿಗೆ ಮರಳಬೇಕು ಎಂದು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ಬೇರೆ ಪಂಥ ಕಟ್ಟಿದರು. ನಮ್ಮ ಕೆ. ವೆಂಕಟಪ್ಪನವರು ಅಲ್ಲಿ ಅವರ ಶಿಷ್ಯರಾಗಿ ಕಲಿತು ಬಂದವರು. ಇದೇ ವೆಂಕಟಪ್ಪನವರು ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಕುಂಚ ಹಿಡಿದ ಕೈಗೆ ತಂತಿಯೂ ಒಲಿಯಿತು.

ಇಲ್ಲಿಂದ ಮುಂದಿನ ಕಥೆ ನನಗೆ ಬಹಳ ಇಷ್ಟ. ಚಿತ್ರದ ಕಥೆ ಇದ್ದಕ್ಕಿದ್ದಂತೆ ನಾಟಕದ ಕೊಟ್ಟಿಗೆಗೆ ನುಗ್ಗುತ್ತದೆ.

ಅಜ್ಜ ಅಜ್ಜಿಯರಿಗೆ ಕಂಪನಿ ನಾಟಕಗಳು ನೆನಪಿರಬೇಕು. ಬೀದಿಗೊಂದು ಪರದೆ, ಕಾಡಿಗೊಂದು, ದರ್ಬಾರಿಗೊಂದು. ಪರದೆ ಮೇಲೇರಿದರೆ ಕಂಬಗಳ ಸಾಲು ದೂರದವರೆಗೆ ಹೋಗುವಂತೆ ಕಾಣುವ ಅರಮನೆ. ಬರಿಯ ಬಟ್ಟೆ, ಬರಿಯ ಬಣ್ಣ! ನಾನು ಎಂಟು ವರ್ಷದವನಿದ್ದಾಗ ನಾಟಕ ಮುಗಿದ ಮೇಲೆ ಆ ಕಂಬ ಮುಟ್ಟಿ ನೋಡಬೇಕೆಂದು ರಂಗದ ಮೇಲೆ ಹತ್ತಿ ಬೈಸಿಕೊಂಡಿದ್ದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತೂ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದಿತ್ತು. ಆ ಪರದೆಗಳನ್ನು ಬರೆಯುತ್ತಿದ್ದವರು ರವಿವರ್ಮರ ಅಚ್ಚುಚಿತ್ರಗಳನ್ನು ಕಂಡವರು. ಪಾತ್ರಧಾರಿಗಳು ದ್ರೌಪದಿಯಾಗಿಯೋ ದಮಯಂತಿಯಾಗಿಯೋ ನಿಲ್ಲುವ ಭಂಗಿಯಲ್ಲಿ, ಸೀರೆ ಉಡುವ ಕ್ರಮದಲ್ಲಿ ಆ ಚಿತ್ರಗಳ ನೆರಳಿತ್ತು. ಚಿತ್ರ ನೋಡಿ ನಾಟಕ, ನಾಟಕ ನೋಡಿ ಮತ್ತೆ ಚಿತ್ರ.

ಸಿನಿಮಾಕ್ಕೂ ದಾರಿ ಅಲ್ಲಿಂದಲೇ ಹೊರಟಿತು ಎಂದರೆ ನಂಬುತ್ತೀರಾ? ದಾದಾಸಾಹೇಬ್ ಫಾಲ್ಕೆಯವರು ರವಿವರ್ಮ ಅಚ್ಚುಕೂಟಕ್ಕಾಗಿ ಕಲ್ಲಚ್ಚಿನ ಕೆಲಸ ಮಾಡಿದ್ದವರು. 1913ರಲ್ಲಿ ಅವರು ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪಲಿಲ್ಲ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗ ಸೀರೆ ಉಟ್ಟು ತಾರಾಮತಿಯಾದ.

ಪಟಾಕಿ ಪೆಟ್ಟಿಗೆಯ ಮೇಲೆ ಶಿವಕಾಶಿ ಎಂಬ ಹೆಸರನ್ನು ಮಕ್ಕಳು ಓದಿರುತ್ತೀರಿ. ದೇಶದ ಕ್ಯಾಲೆಂಡರುಗಳಲ್ಲಿ ಬಹುಪಾಲು ಅಚ್ಚಾಗುತ್ತಿದ್ದುದೂ ಅಲ್ಲೇ. ಮಳೆ ಕಡಿಮೆ ಇರುವ ಒಣ ಊರು. ಮದ್ದಿಗೂ ಕಾಗದಕ್ಕೂ ಅದು ಒಳ್ಳೆಯದು. ಅಲ್ಲಿಗೆ ಹತ್ತಿರದ ಕೋವಿಲ್‌ಪಟ್ಟಿಯಲ್ಲಿ ಕೊಂಡಯ್ಯ ರಾಜು ಎಂಬ ಚಿತ್ರಕಾರರಿದ್ದರು. ಅವರು ನಾಟಕ ಕಂಪನಿಯೊಂದಕ್ಕೆ ಪರದೆ ಬರೆಯುತ್ತಾ ಊರೂರು ತಿರುಗುತ್ತಿದ್ದವರು. ಕೋವಿಲ್‌ಪಟ್ಟಿಯಲ್ಲಿ ಕಂಪನಿಯ ಆಟ ನಿಂತಾಗ ಅಲ್ಲೇ ಉಳಿದರು, ಕ್ಯಾಲೆಂಡರಿಗೆ ದೇವರುಗಳನ್ನು ಬರೆದರು, ಶಿಷ್ಯರನ್ನು ತಯಾರು ಮಾಡಿದರು. ಆ ಚಿತ್ರಗಳಲ್ಲಿ ದೇವರ ಹಿಂದೆ ಅರ್ಧ ಸರಿಸಿದ ಪರದೆ, ಕಂಬ, ಮೆಟ್ಟಿಲು ಕಂಡರೆ ಇದು ನಾಟಕದ ರಂಗವೇ ಅಲ್ಲವೇ ಎನ್ನಿಸುತ್ತದೆ. ನಾನು ಮುಟ್ಟಿ ನೋಡಲು ಹೋದ ಕಂಬ ಕಡೆಗೆ ನಮ್ಮ ಗೋಡೆಗೇ ಬಂದು ನಿಂತಿತ್ತು.

ನಮ್ಮವರೂ ಕಡಿಮೆಯಿಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳನ್ನು ಬರೆದು ಹೆಸರು ಮಾಡಿದರು. ಆಮೇಲೆ ಪುರಾಣದ ಚಿತ್ರಗಳಿಗೆ ಇಳಿದರು. ಅವರ ಭೀಮ, ಅರ್ಜುನರದು ಗರಡಿಯಲ್ಲಿ ಸಾಮು ಮಾಡಿದ ಮೈ. ಮುಖದ ಮೇಲೆ ಬೀಳುವ ಬೆಳಕು ಸ್ಟುಡಿಯೋದ ದೀಪದ್ದೇ. ಇನ್ನು ಬೆಂಗಳೂರಿನ ಬಿ. ಕೆ. ಎಸ್. ವರ್ಮ ಅವರು ವೇದಿಕೆಯ ಮೇಲೆ ಹಾಡು ನಡೆಯುತ್ತಿರುವಾಗಲೇ, ಹಾಡು ಮುಗಿಯುವಷ್ಟರಲ್ಲಿ ಚಿತ್ರ ಮುಗಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅದನ್ನು ಚಿತ್ರಕಲೆ ಎನ್ನೋಣವೇ, ರಂಗಕಲೆ ಎನ್ನೋಣವೇ? ಯಾವ ಪಟ್ಟಿಯಲ್ಲಿ ಬರೆಯೋಣ?

ಇದನ್ನೆಲ್ಲ ಮೊಮ್ಮಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದಾಗಲೇ ತಿಪಟೂರಿನ ನಮ್ಮ ಹಳೆಯ ಮನೆ ಬಿಟ್ಟುಕೊಡುವ ದಿನ ಬಂತು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಕಟ್ಟಿಸಿದ ಮನೆ. ದೇವರ ಮನೆಯಲ್ಲಿ ಹದಿನಾಲ್ಕು ಪಟಗಳು. ನಾವೀಗ ಇರುವ ಬೆಂಗಳೂರಿನ ಫ್ಲಾಟಿನಲ್ಲಿ ದೇವರಿಗೆ ಇರುವುದು ಒಂದು ಗೂಡು, ಎರಡು ಪಟ ಇಟ್ಟರೆ ದೀಪಕ್ಕೆ ಜಾಗವಿಲ್ಲ. ಎಲ್ಲರೂ ಮಾಡುವುದು ಗೊತ್ತೇ ಇದೆ. ಹಳೆಯ ಪಟಗಳನ್ನು ಅರಳಿಕಟ್ಟೆಗೆ ಒಯ್ದು ಒರಗಿಸಿ, ಕೈಮುಗಿದು, ತಿರುಗಿ ನೋಡದೆ ಬರುತ್ತಾರೆ. ಮೊಮ್ಮಗಳು, “ಆಮೇಲೆ ಅವುಗಳಿಗೆ ಏನಾಗುತ್ತೆ ತಾತ?” ಎಂದಳು. ಏನಾಗುತ್ತದೆ? ಗಾಜು ಒಡೆಯುತ್ತದೆ. ಮಳೆಗೆ ಕಾಗದ ಉಬ್ಬುತ್ತದೆ. ಮೇಕೆ ತಿನ್ನುತ್ತದೆ. ಇದ್ದದ್ದನ್ನು ಹೇಳಿದೆ. ಅವಳಿಗೆ ಕಣ್ಣಲ್ಲಿ ನೀರು ಬಂತು.

ಹದಿನಾಲ್ಕರಲ್ಲಿ ಒಂದು ಲಕ್ಷ್ಮಿ ಮಾತ್ರ ಬೇರೆ. ನನ್ನ ಅಜ್ಜಿ ಅದಕ್ಕೆ ಸೀರೆ ಉಡಿಸಿದ್ದರು. ಹೌದು, ಕಾಗದದ ಚಿತ್ರಕ್ಕೆ! ಹರಿದ ರೇಷ್ಮೆ ಸೀರೆಯ ಜರಿ ಕತ್ತರಿಸಿ, ಚಿತ್ರದ ನೆರಿಗೆಯ ಮೇಲೆಯೇ ಕೂರುವಂತೆ ಹೊಲಿದು, ಒಡವೆಗಳ ಮೇಲೆ ಮಣಿ, ಅಂಚಿಗೆ ಚಮಕಿ ಅಂಟಿಸಿದ್ದರು. ರವಿವರ್ಮರ ಚಿತ್ರಗಳಿಗೆ ಹೀಗೆ ಬಟ್ಟೆ ತೊಡಿಸುವುದು ಆಗ ಎಷ್ಟೋ ಮನೆಗಳಲ್ಲಿ ಹೆಂಗಸರ ಕಸೂತಿ ಕೆಲಸವಾಗಿತ್ತು. ಅಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ. ಅವರ ಕೈಯದು ಎಂದು ಪ್ರಪಂಚದಲ್ಲಿ ಉಳಿದಿರುವುದು ಅದೊಂದೇ.

ಹಳೆಯ ಸಾಮಾನು ಕೊಳ್ಳುವವರೊಬ್ಬರು ಮನೆಗೆ ಬಂದಿದ್ದರು. ಹದಿಮೂರು ಪಟಗಳನ್ನು ಕಣ್ಣೆತ್ತಿ ನೋಡಲಿಲ್ಲ. ಲಕ್ಷ್ಮಿಯ ಮುಂದೆ ನಿಂತು ಹನ್ನೆರಡು ಸಾವಿರ ಎಂದರು. ಯಾರೂ ಮಾತಾಡದಿದ್ದಾಗ ಹದಿನೈದು ಎಂದರು. ನನ್ನ ಮಗ, “ಒಳ್ಳೆ ಕಡೆ ಇರುತ್ತೆ ಅಪ್ಪ, ನಮ್ಮ ಹತ್ತಿರ ಹುಳು ತಿನ್ನುತ್ತೆ” ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಅರಸೀಕೆರೆಯಿಂದ ಬಂದಿದ್ದ ನನ್ನ ತಂಗಿ ಸೆರಗಿನಿಂದ ಗಾಜಿನ ಧೂಳು ಒರೆಸುತ್ತಾ, “ಅಣ್ಣ, ಇವಳ ಮುಂದೆ ಕೂರಿಸಿ ಅಮ್ಮ ನನಗೆ ಎಣ್ಣೆ ಒತ್ತಿದ್ದು. ಯಾರದೋ ಮನೆ ಹಾಲಿನಲ್ಲಿ ಸೋಫಾ ಮೇಲೆ ತೂಗುಹಾಕ್ತಾರೆ, ಅವಳಿಗೆ ಒಂದು ಹೂವೂ ಇಲ್ಲ” ಎಂದಳು. ಇವಳು ಕಲೆಯೋ ದೇವರೋ ಎಂಬ ಜಗಳ ಆ ನಡುಮನೆಯಲ್ಲಿ ನಿಜವಾಗಿಯೂ ನಡೆಯಿತು. ದನಿಗಳೂ ಏರಿದವು. ಆಸ್ತಿ ಎಂದು ಬರೆದರೆ ಮಾರಬೇಕು, ದೇವರು ಎಂದರೆ ಪೂಜಿಸಬೇಕು, ಕಲೆ ಎಂದರೆ ಕಾಪಾಡಬೇಕು. ನಮ್ಮ ಲೆಡ್ಜರಿನಲ್ಲಿ ಒಂದೇ ಬಾಬನ್ನು ಮೂರು ಕಡೆ ಬರೆದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೆಂಪು ಶಾಯಿಯಲ್ಲಿ ಸುತ್ತುಹಾಕುತ್ತಿದ್ದರು. ಇಲ್ಲಿ ಸುತ್ತುಹಾಕುವವರು ಯಾರೂ ಇರಲಿಲ್ಲ.

ಮೊಮ್ಮಗಳು ಈ ಗಲಾಟೆಯಲ್ಲಿ ಭೂತಗನ್ನಡಿ ಹಿಡಿದು ಪಟದ ಕೆಳ ಅಂಚನ್ನು ನೋಡುತ್ತಿದ್ದಳು. ಕುಂಕುಮದ ಕಲೆಯ ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರ. ಎಲ್ಲರನ್ನೂ ಸುಮ್ಮನಿರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ರವಿವರ್ಮ ಪ್ರೆಸ್, ಕಾರ್ಲಾ, ಲೋನಾವ್ಲಾ. ಕಲ್ಲು, ನೀರು, ಜಿಡ್ಡು ಎಂದು ನಾನು ಹೇಳಿದ್ದೆಲ್ಲ ಅವಳಿಗೆ ಕಥೆಯಾಗಿತ್ತು, ಈಗ ಕೈಯಲ್ಲಿತ್ತು. ಮೂಲೆಯಲ್ಲಿ ಒಂದು ಕಡೆ ಜರಿ ಎದ್ದಿತ್ತು. ಅದರ ಸಂದಿನಲ್ಲಿ ಸೀರೆಯ ಅಚ್ಚಿನ ಬಣ್ಣ ಇಷ್ಟು ವರ್ಷವಾದರೂ ಮಾಸದೆ ಕೆಂಪಗಿತ್ತು. “ತಾತ, ಕೆಳಗಡೆ ರವಿವರ್ಮ, ಮೇಲ್ಗಡೆ ಮುತ್ತಜ್ಜಿ. ಇಬ್ಬರೂ ಸೇರಿ ಮಾಡಿದ್ದು” ಎಂದಳು. ಕೊಳ್ಳಲು ಬಂದವರೂ ನಕ್ಕರು. ತಮ್ಮ ವಿಳಾಸದ ಚೀಟಿ ಇಟ್ಟು, ಕಾಫಿ ಕುಡಿದು ಹೊರಟರು.

ಆಮೇಲೆ ಅವಳೇ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಹದಿನಾಲ್ಕು ಪಟಗಳನ್ನೂ ಬರೆದಳು. ಯಾವ ದೇವರು, ಬರೆದವರ ಸಹಿ ಇದೆಯೇ, ಅಚ್ಚುಕೂಟದ ಹೆಸರೇನು, ಸ್ಥಿತಿ ಹೇಗಿದೆ. ನಾಲ್ಕಕ್ಕೆ ಗೆದ್ದಲು ಹಿಡಿದಿತ್ತು. ಅವುಗಳ ಫೋಟೋ ತೆಗೆದುಕೊಂಡು, ಗಾಜು ಚೌಕಟ್ಟು ಬಿಚ್ಚಿ, ಕಾಗದವನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಹೂತೆವು. ತಂಗಿ ಅರಿಶಿನದ ನೀರು ಚಿಮುಕಿಸಿದಳು. ಗಟ್ಟಿಯಿದ್ದ ಒಂಬತ್ತನ್ನು ಚೌಕಟ್ಟಿನಿಂದ ಬಿಡಿಸಿ, ಮಧ್ಯೆ ಬಿಳಿ ಹಾಳೆ ಇಟ್ಟು, ದೊಡ್ಡ ಫೈಲಿನಲ್ಲಿ ಹಾಕಿ ಫ್ಲಾಟಿನ ಬೀರುವಿಗೆ ತಂದೆವು. ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯೂ ಅದರಲ್ಲಿದ್ದಾಳೆ. ನಿಮ್ಮ ಮನೆಯ ಪಟಗಳನ್ನು ಇಳಿಸುವ ಸಂದರ್ಭ ಬಂದರೆ ಕೆಳ ಅಂಚನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಎಷ್ಟೋ ಕಡೆ ಕಟ್ಟು ಹಾಕುವವರು ಅಂಚನ್ನು ಮಡಿಸಿರುತ್ತಾರೆ, ಹೆಸರು ಒಳಗೆ ಹೋಗಿರುತ್ತದೆ.

ಸೀರೆಯುಟ್ಟ ಲಕ್ಷ್ಮಿ ತಂಗಿಯ ಜೊತೆ ಅರಸೀಕೆರೆಗೆ ಹೋದಳು. ಹೋಗುವ ಮುಂಚೆ ಕಟ್ಟು ಹಾಕುವವರ ಅಂಗಡಿಯಲ್ಲಿ ಹಿಂದಿನ ಹಲಗೆ ಬದಲಾಯಿಸಿ, ಮಣಿಗಳಿಗೆ ತಾಗದಂತೆ ಗಾಜನ್ನು ಸ್ವಲ್ಪ ಮುಂದಕ್ಕೆ ಕೂರಿಸಿಕೊಟ್ಟರು. ಮೊದಲೆಲ್ಲ ಗಾಜು ಸರಿಸಿ ಸೀರೆಗೇ ಕುಂಕುಮ ಇಡುತ್ತಿದ್ದರು. ಈಗ ತಂಗಿ ಗಾಜಿನ ಮೇಲೆ ಇಡುತ್ತಾಳೆ, ಶುಕ್ರವಾರ ಬೆಳಿಗ್ಗೆ ಒರೆಸಿ ಮತ್ತೆ ಇಡುತ್ತಾಳೆ. ಮೊಮ್ಮಗಳು ದಸರಾ ರಜೆಗೆ ಅಲ್ಲಿಗೆ ಹೋಗಿ, ಪಟದ ಮುಂದೆ ಚಾಪೆ ಹಾಸಿಕೊಂಡು ಆ ಆನೆಯನ್ನು ಬರೆಯಲು ಮೂರು ದಿನದಿಂದ ಕೂತಿದ್ದಾಳಂತೆ. ಸೊಂಡಿಲು ಸರಿ ಬರುತ್ತಿಲ್ಲ ಎಂದು ನಿನ್ನೆ ರಾತ್ರಿ ಫೋನ್ ಮಾಡಿದ್ದಳು.